ಗೆರೆ ನೆಟ್ಟಗಿದ್ದರೆ ಸಾಕಾ?

ಸೆಮಿಸ್ಟರ್ ಮುಗಿಯುವ ವಾರ ಜೋಗುಪಾಳ್ಯದ ನಮ್ಮ ರೂಮಿನಲ್ಲಿ ಒಂದು ಸದ್ದು ಜಾಸ್ತಿ ಕೇಳುತ್ತೆ: ರಬ್ಬರ್ ಉಜ್ಜುವ ಸದ್ದು. ನಾಲ್ಕು ಜನ, ನಾಲ್ಕು ಲ್ಯಾಬ್ ರೆಕಾರ್ಡು, ಒಂದೇ ಸ್ಕೇಲು. ಗ್ರಾಫ್ ಶೀಟಿನಲ್ಲಿ ಎಂಟು ಚುಕ್ಕೆ ಇಟ್ಟಿರ್ತೀವಿ. ಏಳು ಸಾಲಾಗಿ ನಿಂತಿರುತ್ತವೆ, ಎಂಟನೆಯದು ಪ್ರೇಯರ್‌ಗೆ ತಡವಾಗಿ ಬಂದ ಹುಡುಗನ ಹಾಗೆ ಪಕ್ಕಕ್ಕೆ. ಆಮೇಲೆ ಏನಾಗುತ್ತೆ ಅಂತ ಇದನ್ನು ಓದುತ್ತಿರುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಂಟನೇ ಚುಕ್ಕೆ ಮಾಯ. ಗೆರೆ ನೆಟ್ಟಗಿದೆ, ಸಹಿ ಬೀಳುತ್ತೆ.

ಇದು ತಪ್ಪು ಅಂತ ಎಲ್ಲರಿಗೂ ಗೊತ್ತು. ಅದನ್ನೇ ಮತ್ತೆ ಹೇಳೋಕೆ ನಾವು ಇದನ್ನು ಬರೀತಿಲ್ಲ. ಕಳೆದ ತಿಂಗಳು ನಾವು ನಾಲ್ವರೂ ಸೇರಿ ಸೂಪರ್‌ಕಂಡಕ್ಟರ್‌ಗಳ ಬಗ್ಗೆ ಒಂದು ಸೆಮಿನಾರ್ ಕೊಟ್ಟೆವು. ಕೊನೇ ಸ್ಲೈಡಿನಲ್ಲಿ ಒಂದು ಚೆಂದದ ಗ್ರಾಫು: ಹತ್ತಾರು ವಸ್ತುಗಳು, ಒಂದೇ ನೇರ ಗೆರೆ. 'ಪ್ರಕೃತಿಯ ಸರಳತೆ' ಅಂತ ಏನೋ ಒಂದು ಡೈಲಾಗ್ ಹೊಡೆದು ಮುಗಿಸಿದೆವು. ಹಿಂದಿನ ಬೆಂಚಿನಿಂದ ಜೂನಿಯರ್ ಒಬ್ಬಳು ಕೇಳಿದಳು: "ಇಷ್ಟೊಂದು ವಸ್ತು ಒಂದೇ ಗೆರೆ ಮೇಲಿವೆ ಸರಿ. ಅವುಗಳಲ್ಲಿ ಯಾವುದು ಎಷ್ಟು ಶುದ್ಧ, ಯಾವುದು ಎಷ್ಟು ಕೊಳಕು?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಬರಬಹುದು ಅಂತಲೂ ಹೊಳೆದಿರಲಿಲ್ಲ. ನಾವು ನೋಡಿದ್ದು ಗೆರೆಯನ್ನು ಮಾತ್ರ.

ಆಮೇಲೆ ಓದಿ ನೋಡಿದಾಗ ಗೊತ್ತಾಯಿತು, ಇಡೀ ಜಗಳ ಇರೋದೇ ಅಲ್ಲಿ. ಗೆರೆ ಬಿಟ್ಟು ಕೂತ ಚುಕ್ಕೆಯನ್ನು ಅಳಿಸಬೇಡಿ ಅಂತ ಎಲ್ಲ ಮೇಷ್ಟ್ರೂ ಹೇಳ್ತಾರೆ. ಗೆರೆಯ ಮೇಲೆ ಸರಿಯಾಗಿ ಕೂತ ಚುಕ್ಕೆಯನ್ನೂ ಸುಮ್ಮನೆ ನಂಬಬೇಡಿ ಅಂತ ಹೇಳುವವರು ಕಡಿಮೆ. ನಮ್ಮ ವಾದ ಇಷ್ಟೇ: ಗೆರೆ ಯಾಕೆ ನೆಟ್ಟಗಿದೆ ಅಂತ ತಿಳಿಯಬೇಕಾದರೆ ಸ್ಯಾಂಪಲ್ಲಿನ ಕೊಳೆಯನ್ನು ಅಳೆಯಲೇಬೇಕು.

ಕೊಳೆ ಅಂದರೆ ಏನು? ಲೋಹದೊಳಗೆ ಎಲೆಕ್ಟ್ರಾನ್ ನೇರ ಹೋಗಲ್ಲ. ಬೇರೆ ಜಾತಿಯ ಪರಮಾಣು, ಖಾಲಿ ಜಾಗ, ಹರಳಿನ ಅಂಚು, ಏನಾದರೊಂದು ಅಡ್ಡ ಬರುತ್ತೆ. ಢಿಕ್ಕಿ ಹೊಡೆದು ದಿಕ್ಕು ಬದಲಿಸುತ್ತೆ. ಇದೇ ಚದುರುವಿಕೆ. ಎರಡು ಢಿಕ್ಕಿಗಳ ನಡುವಿನ ಸರಾಸರಿ ಸಮಯಕ್ಕೆ ಟೌ ಅಂತ ಹೆಸರು. ಮೇಲೆ ಮೆಟ್ರೊದಲ್ಲಿ ಹಲಸೂರಿನಿಂದ ಇಂದಿರಾನಗರಕ್ಕೆ ಹೋಗೋದು ಒಂದು ಥರ. ಹಲಸೂರು ಸ್ಟೇಷನ್ನಿನಲ್ಲಿ ಇಳಿದು ಜೋಗುಪಾಳ್ಯದ ಗಲ್ಲಿಗಳಲ್ಲಿ ಸಂಜೆ ಆರೂವರೆಗೆ ಸ್ಕೂಟರ್ ಓಡಿಸೋದು ಇನ್ನೊಂದು ಥರ. ತರಕಾರಿ ಗಾಡಿ, ಹಂಪು, ಎದುರಿಗೆ ಬಂದ ಆಟೊ, ಅಗೆದು ಹಾಗೇ ಬಿಟ್ಟ ಪೈಪ್‌ಲೈನ್ ಗುಂಡಿ. ಮೆಟ್ರೊದಲ್ಲಿ ಟೌ ದೊಡ್ಡದು, ಗಲ್ಲಿಯಲ್ಲಿ ಚಿಕ್ಕದು.

ಸೂಪರ್‌ಕಂಡಕ್ಟರ್ ಅಂದರೆ ಪ್ರತಿರೋಧ ಪೂರ್ತಿ ಸೊನ್ನೆ. ಹಾಗಾದರೆ ಅದಕ್ಕೆ ಮೆಟ್ರೊದಂಥ ಶುದ್ಧ ದಾರಿಯೇ ಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಹೈಕೆ ಕಮರ್ಲಿಂಗ್ ಓನ್ಸ್‌ಗೂ ಹಾಗೇ ಅನ್ನಿಸಿತ್ತು. ಚಿನ್ನ, ಪ್ಲಾಟಿನಂಗಳನ್ನು ಎಷ್ಟು ತಣ್ಣಗೆ ಮಾಡಿದರೂ ಒಂದಿಷ್ಟು ಪ್ರತಿರೋಧ ಉಳಿಯುತ್ತಿತ್ತು, ಅದಕ್ಕೆ ಕಾರಣ ಕಲ್ಮಶ. ಪಾದರಸವನ್ನಾದರೆ ಬಟ್ಟಿ ಇಳಿಸಿ ಇಳಿಸಿ ಬಹಳ ಶುದ್ಧ ಮಾಡಬಹುದು ಅಂತ ಅದನ್ನು ಆರಿಸಿಕೊಂಡರು. 1911ರಲ್ಲಿ 4.2 ಕೆಲ್ವಿನ್ ಹತ್ತಿರ ಅದರ ಪ್ರತಿರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ತಮಾಷೆ ಆಮೇಲಿನದು. ಬೇಕಂತಲೇ ಕಲ್ಮಶ ಬೆರೆಸಿದ ಪಾದರಸದಲ್ಲೂ ಪ್ರತಿರೋಧ ಹಾಗೇ ಮಾಯವಾಗುತ್ತಿತ್ತು. ಅಷ್ಟು ಕಷ್ಟಪಟ್ಟು ಬಟ್ಟಿ ಇಳಿಸುವ ಅಗತ್ಯವೇ ಇರಲಿಲ್ಲ!

ಯಾಕೆ ಹೀಗೆ ಅನ್ನೋದಕ್ಕೆ ಫಿಲಿಪ್ ಆ್ಯಂಡರ್ಸನ್ 1959ರಲ್ಲಿ ಉತ್ತರ ಕೊಟ್ಟರು. ಸೂಪರ್‌ಕಂಡಕ್ಟರಿನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿರುತ್ತವೆ. ಒಂದು ಯಾವ ದಾರಿಯಲ್ಲಿ ಹೋಗುತ್ತೋ ಇನ್ನೊಂದು ಅದೇ ದಾರಿಯನ್ನು ಹಿಂದುಮುಂದಾಗಿ ನಡೆಯುತ್ತೆ ಅಂತ ಇಟ್ಟುಕೊಳ್ಳಿ. ಜೋಗುಪಾಳ್ಯದಲ್ಲಿ ಗುಂಡಿ ತಪ್ಪಿಸಿ, ಆಟೊ ತಪ್ಪಿಸಿ, ಆರು ತಿರುವು ತಗೊಂಡು ಮನೆ ಸೇರಿದಿರಿ. ಅದೇ ಆರು ತಿರುವನ್ನು ಉಲ್ಟಾ ತಗೊಂಡರೆ ವಾಪಸ್ ಸ್ಟೇಷನ್. ದಾರಿ ಎಷ್ಟೇ ಅಂಕುಡೊಂಕಾಗಿರಲಿ, ಹೋಗೋ ದಾರಿ ಇದ್ದರೆ ಬರೋ ದಾರಿಯೂ ಇದೆ. ಜೋಡಿಗೆ ಅಷ್ಟು ಸಾಕು. ಆದರೆ ನಡುವೆ ಎಲ್ಲೋ ಒಂದು ಒನ್‌ವೇ ಬೋರ್ಡ್ ಹಾಕಿ ನೋಡಿ, ಲೆಕ್ಕ ಕೆಟ್ಟಿತು. ಕಾಂತೀಯ ಗುಣವಿರುವ ಕಲ್ಮಶ ಮಾಡೋದು ಈ ಒನ್‌ವೇ ಕೆಲಸವನ್ನೇ, ಜೋಡಿಯನ್ನು ಒಡೆಯುತ್ತೆ. ಸಾಮಾನ್ಯ ಕಲ್ಮಶ ಬರೀ ಗುಂಡಿ. ಅದರಿಂದ ಟಿಸಿ, ಅಂದರೆ ಸೂಪರ್‌ಕಂಡಕ್ಟರ್ ಆಗುವ ತಾಪ, ಹೆಚ್ಚು ಅಲ್ಲಾಡಲ್ಲ.

ಟಿಸಿ ಅಲ್ಲಾಡಲ್ಲ ಅಂದಮಾತ್ರಕ್ಕೆ ಏನೂ ಬದಲಾಗಲ್ಲ ಅಂತಲ್ಲ. ಬ್ರಯಾನ್ ಪಿಪ್ಪಾರ್ಡ್ 1953ರಲ್ಲಿ ತವರಕ್ಕೆ ಸ್ವಲ್ಪ ಇಂಡಿಯಂ ಬೆರೆಸಿ ನೋಡಿದ್ದರು. ಟಿಸಿ ಹೆಚ್ಚುಕಡಿಮೆ ಅಲ್ಲೇ ಇತ್ತು, ಆದರೆ ಕಾಂತಕ್ಷೇತ್ರ ತವರದೊಳಗೆ ಎಷ್ಟು ಆಳ ನುಗ್ಗುತ್ತೆ ಅನ್ನೋ ಅಳತೆ ತುಂಬಾ ಹೆಚ್ಚಾಯಿತು. ಆಳ ಹೆಚ್ಚಾಯಿತು ಅಂದರೆ ಕ್ಷೇತ್ರವನ್ನು ತಡೆದು ನಿಲ್ಲಿಸುವ ಎಲೆಕ್ಟ್ರಾನ್ ಬಲ ಕಡಿಮೆಯಾಯಿತು ಅಂತ. ಈ ಬಲಕ್ಕೆ ಸೂಪರ್‌ಫ್ಲೂಯಿಡ್ ಸಾಂದ್ರತೆ ಅಂತ ಹೆಸರು. ಕೊಳೆ ಇದನ್ನು ಇಳಿಸುತ್ತೆ. ನಮ್ಮ ಸ್ಲೈಡಿನ ಗೆರೆ ಇದರ ಬಗ್ಗೆಯೇ ಇತ್ತು.

ಆ ಗೆರೆಯ ಹೆಸರು ಹೋಮ್ಸ್ ನಿಯಮ. 2004ರಲ್ಲಿ ಕ್ರಿಸ್ಟೋಫರ್ ಹೋಮ್ಸ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಹೇಳಿದ್ದು ಇದು: ಸೂಪರ್‌ಫ್ಲೂಯಿಡ್ ಸಾಂದ್ರತೆಯನ್ನು ಒಂದು ಅಕ್ಷದಲ್ಲಿ ಇಡಿ. ಟಿಸಿಗಿಂತ ಸ್ವಲ್ಪ ಮೇಲೆ ಇರುವ ವಾಹಕತೆಯನ್ನು ಟಿಸಿಯಿಂದ ಗುಣಿಸಿ ಇನ್ನೊಂದು ಅಕ್ಷದಲ್ಲಿ ಇಡಿ. ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳು ಬಂದು ಒಂದೇ ಗೆರೆ ಮೇಲೆ ಕೂರುತ್ತವೆ. ಅಷ್ಟೇ ಅಲ್ಲ, ನಿಯೋಬಿಯಂ, ಸೀಸ ಅನ್ನೋ ಹಳೇ ಕಾಲದ ಲೋಹಗಳೂ ಬಂದು ಕೂರುತ್ತವೆ. ನೂರಾರು ಕೆಲ್ವಿನ್ ಆಸೆ ಹುಟ್ಟಿಸುವ ಹೊಸ ವಸ್ತುವೂ 7 ಕೆಲ್ವಿನ್ನಿನ ಸೀಸವೂ ಒಂದೇ ಸಾಲಿನಲ್ಲಿ. ಇಷ್ಟು ನೋಡಿ ನಾವು ಡೈಲಾಗ್ ಹೊಡೆದಿದ್ದು.

ಈಗ ಲೆಕ್ಕ ಮಾಡೋಣ. ಲೋಹದ ವಾಹಕತೆಯನ್ನು ಆವರ್ತಾಂಕಕ್ಕೆ ಎದುರಾಗಿ ಬರೆದರೆ ಸೊನ್ನೆಯ ಹತ್ತಿರ ಒಂದು ಗುಡ್ಡ ಕಾಣುತ್ತೆ. ಗುಡ್ಡದ ಎತ್ತರ ಡಿಸಿ ವಾಹಕತೆ. ಅಗಲ ಟೌನ ವಿಲೋಮ, ಢಿಕ್ಕಿ ಜಾಸ್ತಿಯಾದಷ್ಟೂ ಗುಡ್ಡ ಅಗಲ. ಸೂಪರ್‌ಕಂಡಕ್ಟರ್ ಆದಾಗ ಒಂದು ಶಕ್ತಿ ಅಂತರ, ಅಂದರೆ ಗ್ಯಾಪ್, ತೆರೆದುಕೊಳ್ಳುತ್ತೆ. ಗ್ಯಾಪಿನ ಕೆಳಗಿದ್ದ ಗುಡ್ಡದ ಭಾಗ ಎದ್ದು ಹೋಗಿ ಸೊನ್ನೆ ಆವರ್ತಾಂಕದಲ್ಲಿ ಗುಡ್ಡೆಯಾಗುತ್ತೆ. ಹಾಗೆ ಹೋದ ಕ್ಷೇತ್ರಫಲವೇ ಸೂಪರ್‌ಫ್ಲೂಯಿಡ್ ಸಾಂದ್ರತೆ. ಗ್ಯಾಪ್ ಟಿಸಿಗೆ ಅನುಪಾತದಲ್ಲಿರುತ್ತೆ.

ಮೊದಲು ಕೊಳಕು ಸ್ಯಾಂಪಲ್ ತಗೊಳ್ಳಿ. ಗುಡ್ಡ ಗ್ಯಾಪಿಗಿಂತ ಬಹಳ ಅಗಲ. ಹಾಗಾಗಿ ಹೋಗೋದು ಮಧ್ಯದ ಒಂದು ಪಟ್ಟಿ ಮಾತ್ರ, ಸುಮಾರು ಆಯತ. ಆಯತದ ಕ್ಷೇತ್ರಫಲ ಎತ್ತರ ಗುಣಿಸು ಅಗಲ. ಎತ್ತರ ವಾಹಕತೆ, ಅಗಲ ಟಿಸಿಯ ಅಳತೆ. ವಾಹಕತೆ ಗುಣಿಸು ಟಿಸಿ. ಹೋಮ್ಸ್ ನಿಯಮ ಕೈಗೆ ಬಂತು! ಇದಕ್ಕೆ ಯಾವ ಹೊಸ ಭೌತಶಾಸ್ತ್ರವೂ ಬೇಕಾಗಲಿಲ್ಲ, 1957ರ ಬಿಸಿಎಸ್ ಸಿದ್ಧಾಂತ ಮತ್ತು ಒಂದಿಷ್ಟು ಕೊಳೆ ಸಾಕಾಯಿತು.

ಈಗ ಶುದ್ಧ ಸ್ಯಾಂಪಲ್. ಗುಡ್ಡ ಗ್ಯಾಪಿಗಿಂತ ಸಪೂರ, ಪೂರ್ತಿ ಗುಡ್ಡವೇ ಹೋಗುತ್ತೆ. ಆಗ ಕ್ಷೇತ್ರಫಲ ಅಂದರೆ ವಾಹಕತೆ ಗುಣಿಸು ಟೌನ ವಿಲೋಮ. ಇದು ಸಾಮಾನ್ಯವಾಗಿ ಹೋಮ್ಸ್ ಗೆರೆ ಮೇಲೆ ಕೂರಬೇಕಾಗಿಲ್ಲ, ಬಹಳ ಶುದ್ಧವಾದ ಸಾಧಾರಣ ಲೋಹ ಗೆರೆಯಿಂದ ಜಾರಿ ಕೆಳಗೆ ಹೋಗಬೇಕು. ಜಾರದೆ ಕೂತಿದೆ ಅಂದರೆ ಟೌನ ವಿಲೋಮ ತಾನಾಗೇ ಟಿಸಿಗೆ ಅನುಪಾತದಲ್ಲಿರಬೇಕು. ಅಂಥ ಟೌ ಎಷ್ಟಿರುತ್ತೆ? ಪ್ಲಾಂಕ್ ಸ್ಥಿರಾಂಕ ಮತ್ತು ತಾಪ ಎರಡನ್ನೇ ಬಳಸಿ ಲೆಕ್ಕ ಹಾಕಿದರೆ 90 ಕೆಲ್ವಿನ್ನಿಗೆ ಸುಮಾರು 85 ಫೆಮ್ಟೊಸೆಕೆಂಡ್. ಅದೇ ಸಂಚಿಕೆಯಲ್ಲಿ ಯಾನ್ ಜಾನೆನ್ ಬರೆದದ್ದು ಇದರ ಬಗ್ಗೆಯೇ: ಈ ವಸ್ತುಗಳಲ್ಲಿ ಎಲೆಕ್ಟ್ರಾನ್‌ಗಳು ಕ್ವಾಂಟಂ ನಿಯಮ ಬಿಡುವಷ್ಟು ವೇಗವಾಗಿ ಶಕ್ತಿ ಕಳೆದುಕೊಳ್ಳುತ್ತಿವೆ ಅಂತ. ಇದು ನಿಜವಾದರೆ ದೊಡ್ಡ ಸುದ್ದಿ.

ನೋಡಿದ್ರಾ? ಗೆರೆ ಒಂದೇ, ಕಥೆ ಎರಡು. ಒಂದು ಕಥೆಯಲ್ಲಿ ಗೆರೆ ಬಂದದ್ದು ಕೊಳೆಯಿಂದ. ಇನ್ನೊಂದರಲ್ಲಿ ಎಲೆಕ್ಟ್ರಾನ್‌ಗಳು ಒಂದಕ್ಕೊಂದು ತಗುಲಿಕೊಳ್ಳುವ ರೀತಿಯಿಂದ. ಸೀಸಕ್ಕೆ ಮೊದಲನೇ ಕಥೆ ಸಾಕು. ತಾಮ್ರದ ಆಕ್ಸೈಡಿಗೆ ಯಾವುದು? ಗ್ರಾಫನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಗೊತ್ತಾಗಲ್ಲ. ಟೌ ಅಳೆದರೆ ಗೊತ್ತಾಗಬಹುದು. ಜೂನಿಯರ್ ಹುಡುಗಿ ಕೇಳಿದ್ದು ಇದನ್ನೇ.

ಇನ್ನೊಂದು ಮಾತು, ಗ್ರಾಫ್ ಶೀಟಿನ ಬಗ್ಗೆ. ಇಂಥ ಗೆರೆಗಳೆಲ್ಲ ಲಾಗ್-ಲಾಗ್ ಶೀಟಿನಲ್ಲಿರುತ್ತವೆ. ಐದು ದಶಕಗಳನ್ನು 10 ಸೆಂಟಿಮೀಟರಿನಲ್ಲಿ ತುಂಬಿದರೆ ಒಂದು ದಶಕಕ್ಕೆ 2 ಸೆಂಟಿಮೀಟರ್. ಎರಡರ ಲಾಗ್ 0.3. ಅಂದರೆ ಒಂದು ವಸ್ತು ಗೆರೆಯಿಂದ ಎರಡು ಪಟ್ಟು ತಪ್ಪಿದ್ದರೂ ಶೀಟಿನಲ್ಲಿ ಕಾಣೋದು 6 ಮಿಲಿಮೀಟರ್. ದಪ್ಪ ಚುಕ್ಕೆ ಇಟ್ಟರೆ ಅದರ ಅರ್ಧ ಮುಚ್ಚಿಹೋಗುತ್ತೆ. ನಮ್ಮ ತಿಂಗಳ ಖರ್ಚು ಎರಡು ಪಟ್ಟಾದರೆ ಮನೆಯಲ್ಲಿ ಸುಮ್ಮನಿರ್ತಾರಾ? ಲಾಗ್-ಲಾಗ್ ಶೀಟು ಸುಮ್ಮನಿರುತ್ತೆ.

ಇದು ಹಳೇ ಜಗಳ ಅಂದುಕೊಳ್ಳಬೇಡಿ. 2016ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ಇವಾನ್ ಬೊಜೊವಿಚ್ ತಂಡ ಲ್ಯಾಂಥನಂ-ಸ್ಟ್ರಾಂಷಿಯಂ-ತಾಮ್ರದ ಆಕ್ಸೈಡಿನ 2000ಕ್ಕೂ ಹೆಚ್ಚು ತೆಳು ಪದರಗಳನ್ನು ಪರಮಾಣು ಪದರ ಒಂದೊಂದಾಗಿ ಬೆಳೆಸಿ ಅಳೆದು ಪ್ರಕಟಿಸಿತು. ಡೋಪಿಂಗ್ ಹೆಚ್ಚಿಸಿದಂತೆ ಟಿಸಿ ಇಳಿಯುತ್ತೆ, ಜೊತೆಗೇ ಸೂಪರ್‌ಫ್ಲೂಯಿಡ್ ಸಾಂದ್ರತೆಯೂ ಇಳಿಯುತ್ತೆ, ಬಹುಪಾಲು ನೇರ ಗೆರೆಯಲ್ಲಿ. ಇಷ್ಟು ಶುದ್ಧ ಪದರದಲ್ಲಿ ಹೀಗಾಗೋದು ಬಿಸಿಎಸ್ ಮಾದರಿಗೆ ಒಗ್ಗಲ್ಲ ಅಂದರು. ಮರುವರ್ಷವೇ ಕೆನಡಾದ ಲೀ-ಹೋನ್, ಡಾಜ್, ಬ್ರೌನ್ ಲೆಕ್ಕ ಹಾಕಿ ತೋರಿಸಿದರು: ಕೊಳೆಯನ್ನು ಲೆಕ್ಕಕ್ಕೆ ತಗೊಂಡರೆ ಹಳೇ ಮಾದರಿಯಲ್ಲೇ ಅಂಥ ಗೆರೆ ಬರುತ್ತೆ.

ಆ್ಯಂಡರ್ಸನ್ ಪ್ರಕಾರ ಗುಂಡಿಯಿಂದ ತೊಂದರೆ ಇಲ್ಲ ಅಂದಿದ್ದೆವಲ್ಲ? ಈ ವಸ್ತುಗಳಲ್ಲಿ ಇದೆ. ಇಲ್ಲಿ ಜೋಡಿಯ ತರಂಗಕ್ಕೆ ಕೆಲವು ದಿಕ್ಕಿನಲ್ಲಿ ಪ್ಲಸ್, ಅದಕ್ಕೆ ಅಡ್ಡದಿಕ್ಕಿನಲ್ಲಿ ಮೈನಸ್. ಪೂರ್ವ-ಪಶ್ಚಿಮ ಹೋಗುವವರಿಗೆ ಒಂದು ರೂಪಾಯಿ ಜಮಾ, ಉತ್ತರ-ದಕ್ಷಿಣ ಹೋಗುವವರಿಗೆ ಒಂದು ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ಗುಂಡಿ ಸಿಕ್ಕಾಗಲೆಲ್ಲ ದಿಕ್ಕು ಬದಲಾಗುತ್ತೆ. ನಾಲ್ಕು ಗಲ್ಲಿ ಸುತ್ತಿ ಬರುವಷ್ಟರಲ್ಲಿ ಖಾತೆ ಸೊನ್ನೆ. ಹಾಗಾಗಿ ಇಲ್ಲಿ ಸಾಮಾನ್ಯ ಕೊಳೆಯೂ ಟಿಸಿ, ಸಾಂದ್ರತೆ ಎರಡನ್ನೂ ಒಟ್ಟಿಗೆ ಇಳಿಸಬಲ್ಲದು. ಎರಡೂ ಒಟ್ಟಿಗೆ ಇಳಿದರೆ ಗ್ರಾಫಿನಲ್ಲಿ ಅದು 'ನಿಯಮ'ದ ಹಾಗೆ ಕಾಣುತ್ತೆ. ಎರಡು ಪಕ್ಷದವರೂ ಸುಮ್ಮನೆ ಮಾತಾಡುವವರಲ್ಲ. ಚರ್ಚೆ ತಿರುಗುತ್ತಿರುವುದು ಒಂದೇ ಪ್ರಶ್ನೆಯ ಸುತ್ತ: ಆ ಪದರಗಳಲ್ಲಿ ಚದುರುವಿಕೆ ನಿಜಕ್ಕೂ ಎಷ್ಟು, ಯಾವ ಥರದ್ದು?

ಇದೆಲ್ಲ ಎಲ್ಲೋ ಅಮೆರಿಕಾದ್ದು, ನಮಗ್ಯಾಕೆ ಅನ್ನಬೇಡಿ. ಕೊಳೆಯನ್ನು ಗೌರವಿಸೋದು ಕಲಿಯೋಕೆ ಬೆಂಗಳೂರು ಬಿಟ್ಟು ಹೋಗಬೇಕಾಗಿಲ್ಲ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಬಹಳ ವರ್ಷ ಪಾಠ ಮಾಡಿದ ಟಿ.ವಿ. ರಾಮಕೃಷ್ಣನ್, ಅದಕ್ಕೂ ಮುಂಚೆ 1979ರಲ್ಲಿ ಅಬ್ರಹಾಮ್ಸ್, ಆ್ಯಂಡರ್ಸನ್, ಲಿಚ್ಚಿಯಾರ್ಡೆಲ್ಲೊ ಜೊತೆ ಬರೆದ ಪುಟ್ಟ ಪ್ರಬಂಧ ಇಡೀ ಕ್ಷೇತ್ರವನ್ನೇ ತಿರುಗಿಸಿತು. ಪ್ರಶ್ನೆ ಸರಳ: ಕೊಳಕು ಲೋಹದ ತುಂಡನ್ನು ದೊಡ್ಡದು ಮಾಡುತ್ತಾ ಹೋದರೆ ವಾಹಕತ್ವ ಹೇಗೆ ಬದಲಾಗುತ್ತೆ? ಉತ್ತರ: ಹೇಗೆ ಬದಲಾಗುತ್ತೆ ಅನ್ನೋದು ಆಗಿರುವ ವಾಹಕತ್ವವನ್ನು ಮಾತ್ರ ಅವಲಂಬಿಸಿದೆ. ಎಲೆಕ್ಟ್ರಾನ್‌ಗಳ ಪರಸ್ಪರ ತಿಕ್ಕಾಟವನ್ನು ಬದಿಗಿಟ್ಟರೆ, ತೆಳು ಹಾಳೆಯಂಥ ಎರಡು ಆಯಾಮದ ಲೋಹದಲ್ಲಿ ಎಷ್ಟೇ ಚಿಕ್ಕ ಕೊಳೆ ಇದ್ದರೂ ಸಾಕಷ್ಟು ದೊಡ್ಡ ತುಂಡಿನಲ್ಲಿ ಎಲೆಕ್ಟ್ರಾನ್ ಕಟ್ಟಿಹಾಕಿದಂತಾಗುತ್ತೆ. ಅದರ ಗುಟ್ಟೂ ಗಲ್ಲಿಯದೇ. ಒಂದು ಸುತ್ತನ್ನು ಬಲಕ್ಕೂ ಎಡಕ್ಕೂ ಹಾಕಬಹುದು, ಎರಡೂ ತರಂಗ ಹೊರಟಲ್ಲಿಗೇ ಬಂದು ಕೂಡಿಕೊಳ್ಳುತ್ತವೆ, ಎಲೆಕ್ಟ್ರಾನ್ ಮನೆ ಬಿಟ್ಟು ಹೋಗೋ ಸಂಭವ ಕಮ್ಮಿಯಾಗುತ್ತೆ. ಅಂದರೆ ಇಲ್ಲಿ ಸ್ಕೇಲಿಂಗ್ ನಿಯಮ ಇರೋದು ಕೊಳೆಯಿದ್ದರೂ ಅಲ್ಲ, ಕೊಳೆಗೇ ಒಂದು ನಿಯಮ.

1987ರ ಕಥೆಯೂ ನೆನಪಿಡಬೇಕು. ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡು 90 ಕೆಲ್ವಿನ್ ದಾಟಿತು ಅಂದಾಗ ಮೊದಲ ಸ್ಯಾಂಪಲ್ಲುಗಳು ಬೆರಕೆ. ಹಸಿರು ಒಂದು, ಕಪ್ಪು ಒಂದು. ಯಾವುದು ಸೂಪರ್‌ಕಂಡಕ್ಟರ್, ಯಾವುದು ಕೊಳೆ? ಅದನ್ನು ಬಿಡಿಸಿದ ಗುಂಪುಗಳಲ್ಲಿ ಸಿ.ಎನ್.ಆರ್. ರಾವ್ ಅವರ ಬೆಂಗಳೂರಿನ ತಂಡವೂ ಒಂದು, ಅದೇ ವರ್ಷ 'ನೇಚರ್'ನಲ್ಲಿ ಬಂತು. ಕಪ್ಪು ಗೆದ್ದಿತು. ಅಂದರೆ ಈ ಊರಿನಲ್ಲಿ ಸೂಪರ್‌ಕಂಡಕ್ಟರ್ ಕೆಲಸ ಶುರುವಾದದ್ದೇ 'ಸ್ಯಾಂಪಲ್ಲಿನಲ್ಲಿ ಏನೇನಿದೆ' ಅನ್ನೋ ಪ್ರಶ್ನೆಯಿಂದ ಅಂದರೂ ನಡೆಯುತ್ತೆ.

ನಾವು ಎಂಜಿನಿಯರಿಂಗ್‌ನವರು, ಲಾಭ ಏನು ಅಂತ ಕೇಳೇ ಕೇಳ್ತೀವಿ. ಎಂಆರ್‌ಐ ಯಂತ್ರದ ಅಯಸ್ಕಾಂತ ನೋಡಿ. ಶುದ್ಧ ನಿಯೋಬಿಯಂ 9.2 ಕೆಲ್ವಿನ್ನಿನ ಸೂಪರ್‌ಕಂಡಕ್ಟರ್, ಆದರೆ ಅರ್ಧ ಟೆಸ್ಲಾ ಕ್ಷೇತ್ರವನ್ನೂ ತಡೆಯಲ್ಲ. ಟೈಟಾನಿಯಂ ಬೆರೆಸಿ ಮಿಶ್ರಲೋಹ ಮಾಡಿದರೆ ಟಿಸಿ ಹೆಚ್ಚುಕಡಿಮೆ ಅಷ್ಟೇ, ಆದರೆ ದ್ರವ ಹೀಲಿಯಂ ತಾಪದಲ್ಲಿ ಸುಮಾರು 10 ಟೆಸ್ಲಾವರೆಗೆ ತಡೆಯುತ್ತೆ. ದೊಡ್ಡ ಕಾರಣ ಚದುರುವಿಕೆ. ಅಡ್ಡಾದಿಡ್ಡಿ ಕೂತ ಪರಮಾಣುಗಳು ಜೋಡಿಯ ಹರವನ್ನು ಕುಗ್ಗಿಸುತ್ತವೆ, ಹರವು ಕುಗ್ಗಿದಷ್ಟೂ ತಡೆಯುವ ಕ್ಷೇತ್ರ ಏರುತ್ತೆ. ಅದರ ಮೇಲೆ, ಒಳಗೆ ನುಗ್ಗಿದ ಕಾಂತ ಸುಳಿಗಳನ್ನು ಅಲ್ಲಾಡದಂತೆ ಹಿಡಿದಿಡೋದು ತಂತಿಯೊಳಗಿನ ದೋಷಗಳೇ. ಲಾರ್ಜ್ ಹ್ಯಾಡ್ರನ್ ಕೊಲೈಡರ್‌ನ ಅಯಸ್ಕಾಂತಗಳೂ ಇದೇ ಮಿಶ್ರಲೋಹದವು. ಕೊಳೆಯನ್ನು ಎಷ್ಟು, ಎಲ್ಲಿ, ಹೇಗೆ ಅಂತ ಅಳೆದು ಹಾಕಿದ್ದಕ್ಕೇ ಅದು ಎಂಜಿನಿಯರಿಂಗ್ ಆಯಿತು.

ನಮ್ಮ ಮಾತಿಗೆ ಎರಡು ಆಕ್ಷೇಪ ಬರುತ್ತವೆ. ಒಂದು, "ಹಾಗಾದರೆ ಸ್ಕೇಲಿಂಗ್ ನಿಯಮಗಳೆಲ್ಲ ಸುಳ್ಳಾ?" ಇಲ್ಲ. ಹೋಮ್ಸ್ ಗೆರೆ ಇರೋದು ನಿಜ, ಉಪಯೋಗಕ್ಕೂ ಬರುತ್ತೆ. ಮೂರರಲ್ಲಿ ಎರಡು ಅಳತೆ ಗೊತ್ತಿದ್ದರೆ ಮೂರನೆಯದನ್ನು ಅಂದಾಜು ಮಾಡಬಹುದು. ಗೆರೆ ಇದೆ ಅನ್ನೋದು ಒಂದು ಮಾತು, ಅದರ ಕಾರಣ ಗೊತ್ತಿದೆ ಅನ್ನೋದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೆ ಚಪ್ಪಾಳೆ ತಗೋಬಾರದು. ನಾವು ತಗೊಂಡೆವು, ಅದಕ್ಕೇ ಈ ಬರಹ.

ಎರಡನೆಯದು, "ಲ್ಯಾಬ್ ಪರೀಕ್ಷೆಯಲ್ಲಿ ಮಾರ್ಕ್ಸ್ ಕೊಡೋದು ನೆಟ್ಟಗಿನ ಗೆರೆಗೆ, ನಿಮ್ಮ ತತ್ವಕ್ಕಲ್ಲ." ಇದು ನಿಜ, ನಗುವ ಮಾತಲ್ಲ. ಮಾರ್ಕ್ಸ್ ಬೇಕಾದವರಿಗೆ ಧೈರ್ಯದ ಪಾಠ ಹೇಳೋದು ಸುಲಭ. ಆದರೆ ನಾಲ್ಕು ವರ್ಷ ರಬ್ಬರ್ ಉಜ್ಜಿದ ಕೈ ಐದನೇ ವರ್ಷ ಕಂಪನಿಯ ಟೆಸ್ಟ್ ರಿಪೋರ್ಟಿನಲ್ಲಿ ಇದ್ದಕ್ಕಿದ್ದಂತೆ ಪ್ರಾಮಾಣಿಕವಾಗಲ್ಲ. ಬ್ಯಾಟರಿ, ಬ್ರೇಕು, ಸೇತುವೆಯ ಉಕ್ಕು, ಎಲ್ಲದರಲ್ಲೂ ಒಂದು ಎಂಟನೇ ಚುಕ್ಕೆ ಇರುತ್ತೆ. ಅಲ್ಲಿ ಅದನ್ನು ಅಳಿಸಿದರೆ ಹೋಗೋದು ಮಾರ್ಕ್ಸ್ ಅಲ್ಲ.

ಹಾಗಾಗಿ ನಮ್ಮ ಬೇಡಿಕೆ ಚಿಕ್ಕದು, ಖರ್ಚಿಲ್ಲದ್ದು. ಪ್ರತಿ ಪ್ರಯೋಗದ ರೆಕಾರ್ಡಿನಲ್ಲಿ, ಪ್ರತಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ಪುಟ ಜಾಸ್ತಿ ಇರಲಿ. ಅದಕ್ಕೆ 'ಸ್ಯಾಂಪಲ್ಲಿನ ಕಥೆ' ಅಂತ ಕರೆಯೋಣ. ಸ್ಯಾಂಪಲ್ ಎಲ್ಲಿಂದ ಬಂತು, ಯಾರು ಮಾಡಿದರು, ಎಷ್ಟು ಸಲ ಬಿಸಿ-ತಣ್ಣಗೆ ಮಾಡಿದ್ದೀವಿ, ಯಾವ ಚುಕ್ಕೆ ಗೆರೆ ಬಿಟ್ಟಿತು, ಅದನ್ನು ಮತ್ತೆ ಅಳೆದಾಗ ಏನಾಯಿತು. ಕೊನೆಗೆ ಒಂದು ಸಾಲು: ಇದೇ ಗೆರೆ ಬೇರೆ ಯಾವ ಕಾರಣಕ್ಕೆ ಬರಬಹುದು? ಆ ಪುಟಕ್ಕೆ ಐದು ಮಾರ್ಕ್ಸ್ ಕೊಡಿ ಅಂತ ಮೇಷ್ಟ್ರುಗಳನ್ನು ಕೇಳುತ್ತೇವೆ. ಕೊಡದಿದ್ದರೂ ಬರೆಯುತ್ತೇವೆ.

ಈ ವಾರ ನಮ್ಮ ರೂಮಿನಲ್ಲಿ ಒಂದು ರೆಕಾರ್ಡಿನಲ್ಲಿ ಎಂಟನೇ ಚುಕ್ಕೆ ಹಾಗೇ ಇದೆ. ಅದರ ಸುತ್ತ ಪೆನ್ಸಿಲ್ಲಿನಲ್ಲಿ ಒಂದು ಸೊನ್ನೆ, ಪಕ್ಕದಲ್ಲಿ 'ಮತ್ತೆ ಅಳೆದೆವು, ಇಲ್ಲೇ ಬಂತು' ಅಂತ ಬರೆದಿದ್ದೀವಿ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಸಹಿ ಬೀಳುತ್ತೋ ಇಲ್ಲವೋ ಸೋಮವಾರ ಗೊತ್ತಾಗುತ್ತೆ.